ದಿಲ್ಲಿ ಹತ್ತಿರ, ಸಾಂಬ್ರಾ ದೂರ

ವಿಮಾನಕ್ಕಿಂತ ಒಂದು ನಿಮಿಷ ಮೊದಲು ಹೋಗುವುದಿಲ್ಲ, ಒಂದು ನಿಮಿಷ ತಡವಾಗುವುದೂ ಇಲ್ಲ! ಖಾನಾಪುರದ ಅಡುಗೆಮನೆಯಲ್ಲಿ ಪ್ರಮಿಳಾ ಸೌಟು ಎತ್ತಿ ಘೋಷಿಸಿದಳು.

ಅವಳ ತಾಯಿ ಪದ್ಮವ್ವ ದಿಲ್ಲಿಯ ಕಿರಿಮಗಳ ಮನೆಯಿಂದ, ಮೊದಲ ಸಲ ಒಬ್ಬಳೇ, ವಿಮಾನದಲ್ಲಿ ಬರುವವಳಿದ್ದಳು. "ವಿಮಾನ ನಿಲ್ದಾಣದ ಬಾಗಿಲದಾಗ ನನ್ನ ಮಾರಿ ಕಾಣಲಿಲ್ಲಂದ್ರ ಮಗಳು ಅಂತ ಕರೀಬ್ಯಾಡ!" ಎಂದು ಪ್ರಮಿಳಾ ಮಾತು ಕೊಟ್ಟಾಗಿತ್ತು.

"ಹತ್ತಕ್ಕ ಹೊರಡೂಣು," ಎಂದ ಗಂಡ ಸುಜಯ.

"ಹತ್ತಕ್ಕ ಅದು ದಿಲ್ಲಿ ಬಿಡತೈತ್ರೀ! ಸಾವಿರದ ನಾನೂರ ಕಿಲೋಮೀಟರ್, ಎರಡೂವರಿ ತಾಸು. ನಮಗ ಸಾಂಬ್ರಾ ವಿಮಾನ ನಿಲ್ದಾಣ ನಲವತ್ತೂ ಇಲ್ಲ. ಅಲ್ಲಿ ಹೋಗಿ ನೊಣಾ ಹೊಡೀಲೇನು?"

ಮೊಬೈಲಿನ ನಕ್ಷೆಯಲ್ಲಿ ಪುಟ್ಟ ವಿಮಾನ ತೆವಳುತ್ತಿತ್ತು. ಅದು ಕೋಟಾ ದಾಟಿದಾಗ ಪ್ರಮಿಳಾ ತಲೆ ಬಾಚಿದಳು. ಇಂದೂರಿನ ಮೇಲೆ ಬಂದಾಗ ಸೀರೆ ಉಟ್ಟಳು. ನೆರಿಗೆ ಸರಿಬರಲಿಲ್ಲ, ಬಿಚ್ಚಿ ಮತ್ತೆ ಉಟ್ಟಳು. ಅಷ್ಟರಲ್ಲಿ ಅರ್ಧ ಮಹಾರಾಷ್ಟ್ರ ಮುಗಿದಿತ್ತು! ಕೀಲಿ ಕೊಡಲು ಹೋದರೆ ಪಕ್ಕದ ಮನೆಯ ನಾಗರತ್ನಾ, "ಚಹಾ ಕುಡದ ಹೋಗ್ರಿ," ಎಂದಳು. ಬೇಡವೆಂದರೆ ವರ್ಷಗಟ್ಟಲೆ ಮುನಿಸು. ಕುಡಿದರು.

ದಾರಿಯಲ್ಲಿ ಎರಡು ಟ್ರಾಲಿ ಕಬ್ಬು ಎಳೆಯುತ್ತ ಒಂದು ಟ್ರ್ಯಾಕ್ಟರ್, ಮದುಮಗನ ಗತ್ತಿನಲ್ಲಿ ಅವರ ಕಾರಿನ ಮುಂದೆ ಹೊರಟಿತ್ತು.

"ಸಾಂಗ್ಲಿ ದಾಟ್ತು! ಹಾರ್ನ್ ಹೊಡೀರಿ!"

"ಸಾಂಗ್ಲಿಗೆ ಕೇಳೂವಂಗ ಹೊಡೀಲೇನು?"

ಪೀರನವಾಡಿಯ ಬಳಿ ಹಿಂದಿನ ಟ್ರಾಲಿ ವಾಲಿ ಕಬ್ಬೆಲ್ಲ ರಸ್ತೆಗೆ ಬಿತ್ತು. ಪ್ರಮಿಳಾ ಚೀರಿದಳು. ಕಬ್ಬಿಗಲ್ಲ, ಮೊಬೈಲಿಗೆ.

"ಇಳೀತು! ಕಾಲ ತಾಸು ಮೊದಲ! ಹೇಳಿದ ಟೈಮಿಗೆ ಬರಾಕ ಏನ್ ಧಾಡಿ ಇದಕ್ಕ?"

"ತಪ್ಪು ವಿಮಾನದ್ದು?"

"ಮತ್ತ ನನ್ನದೇನು?"

ಅವ್ವನ ಫೋನು ಬಂದ್ ಆಗಿತ್ತು. ಪ್ರಮಿಳಾ ಮತ್ತೆ ಮತ್ತೆ ಒತ್ತಿದಳು. ಒಂದು ತಾಸು ಕಳೆಯಿತು. ಎದುರಿನಿಂದ ಕಾರುಗಳು ಒಂದೊಂದಾಗಿ ಕಬ್ಬಿನ ಪಕ್ಕ ನುಸುಳಿ ಹೋದವು.

"ಅಲ್ಲಿ ಯಾರೋ ಕೈ ಬೀಸಿದ್ರಲಾ?" ಎಂದ ಸುಜಯ.

"ನಿಮ್ಮ ಗೆಳ್ಯಾರ ಇರಬೇಕು. ನನಗ ಫೋನ್ ಹಚ್ಚಾಕ ಬಿಡ್ರಿ!"

ಕೊನೆಗೂ ದಾರಿ ತೆರವಾಯಿತು. ಸಾಂಬ್ರಾದ ಬಾಗಿಲಲ್ಲಿ ಕಸ ಗುಡಿಸುವವಳೊಬ್ಬಳೇ ಇದ್ದಳು. ಪ್ರಮಿಳಾ ಕಂಬಗಳ ಹಿಂದೆಲ್ಲ ಹುಡುಕಿದಳು. ಅವ್ವ ಎಲ್ಲಿ? ಅಷ್ಟರಲ್ಲಿ ನಾಗರತ್ನಾಳ ನಂಬರಿನಿಂದ ಫೋನು ಬಂತು. ದನಿ ಮಾತ್ರ ಪದ್ಮವ್ವನದು!

"ವಿಮಾನದಾಗ ಬಾಜು ಕುಂತವರು ಖಾನಾಪುರದ ಮ್ಯಾಲಿಂದ ಕಾರಿನಾಗ ಗೋವಾಕ್ಕ ಹೊಂಟಿದ್ರು, ಮನಿ ಮುಂದ ಇಳಿಸಿ ಹೋದ್ರು. ಬಂದ್ ಮಾಡಿದ ಫೋನ್ ಚಾಲೂ ಮಾಡೂದು ನನಗ ತಿಳೀಲಿಲ್ಲ. ಪೀರನವಾಡ್ಯಾಗ ಎಷ್ಟ ಕೈ ಬೀಸಿದೆ! ನೀ ಮೊಬೈಲಿನಿಂದ ಮಾರಿನ ಎತ್ತಲಿಲ್ಲ."

ಸುಜಯ ಕೆಮ್ಮಿದ. ಪ್ರಮಿಳಾ ಸೋಲಲಿಲ್ಲ. "ಅವ್ವಾ, ಆ ವಿಮಾನ ಮೊದಲ ಬಂತು, ಇಲ್ಲಂದ್ರ..."

"ಇರಲಿ ಬಿಡವಾ. ನಾ ದಿಲ್ಲಿಯಿಂದ ಬಂದ ಅನ್ನಕ್ಕ ಇಟ್ಟೇನಿ. ನೀ ಖಾನಾಪುರ ಮುಟ್ಟಿದ ಕೂಡ್ಲೆ ಫೋನ್ ಮಾಡ. ಕರಕೊಂಡ ಬರಾಕ ನಾನ ಬರ್ತೀನಿ!"