ಮೈದುನನ ಗಾಳಿಪಟದ ಆಟ

ನಾನು ಓದಿದ್ದು ಹತ್ತನೇ ತರಗತಿ. ಆದರೂ ಇಂಜಿನಿಯರಿಂಗಿನ ಫಜೀತಿಗಳೆಲ್ಲ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲಾಟನ್ನೇ ಹುಡುಕಿಕೊಂಡು ಬರುತ್ತಿದ್ದವು. ಮನೆಯಲ್ಲಿ ಬ್ಯಾಂಕಿನ ಗಂಡ, ನಾಲ್ಕು ವರ್ಷದ ಮಗ, ಓದಲು ಬಂದ ಮೈದುನ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮೈದುನ ಮತ್ತು ಅವನ ಇಬ್ಬರು ಗೆಳೆಯರು ಕಂಪ್ಯೂಟರಿನಲ್ಲಿ ಗಾಳಿಪಟದ ಆಟವೊಂದನ್ನು ತಯಾರಿಸತೊಡಗಿದರು. ಪಾಸಾದರೆ ಅವನು ಕೆಲಸ ಹುಡುಕಿಕೊಂಡು ಹೊರಡುತ್ತಾನೆ. ಫೇಲಾದರೆ ಇನ್ನೊಂದು ವರ್ಷ ನನ್ನ ನಡುಮನೆಯಲ್ಲೇ ಅವನ ಹಾಸಿಗೆ. ಹಾಗಾಗಿ ಹರಕೆ ಹೊತ್ತವಳು ನಾನು.

ಮಿಕ್ಸಿ

ನಾನು ಮಿಕ್ಸಿ ಹಾಕಿದರೆ ಕಂಪ್ಯೂಟರ್ ಆರಿಹೋಗುತ್ತಿತ್ತು, ಅವರು ಮಾಡಿದ್ದೆಲ್ಲ ಮಾಯ.

"ಅತ್ತಿಗೆ, ಮಿಕ್ಸಿ ಹಾಕೋ ಮುಂಚೆ ಒಂದು ಮಾತು ಹೇಳಬಾರದಾ?"

"ನೀನು ಊಟಕ್ಕೆ ಇಬ್ಬರನ್ನ ಕರ್ಕೊಂಡು ಬರೋ ಮುಂಚೆ ಹೇಳ್ತೀಯಾ?"

ಮಾರನೆಯ ದಿನದಿಂದ ಮೂವರು ಇಂಜಿನಿಯರುಗಳು ಸರದಿಯ ಮೇಲೆ ಒರಳಲ್ಲಿ ಚಟ್ನಿ ರುಬ್ಬಿದರು.

ತಾರಸಿ

ಆಟದಲ್ಲಿ ನಮ್ಮ ಸೊಸೈಟಿಯ ತಾರಸಿಯನ್ನೇ ಬಿಡಿಸಿದ್ದರು, ಹಗ್ಗದ ಮೇಲೆ ನಮ್ಮ ಬಟ್ಟೆಗಳು. ಪಕ್ಕದ ಮನೆಯ ಗುಜರಾತಿ ಬೆನ್ (ಅಕ್ಕನಿಗೆ ಇಲ್ಲಿ ಹಾಗನ್ನುವುದು) ನೋಡಿ, "ತಾರಸಿ ನಿಮ್ಮೊಬ್ಬರದಾ?" ಎಂದು ಮುನಿಸಿಕೊಂಡರು. ಹುಡುಗರು ಹೆದರಿ ಅವರ ಸೀರೆಯೊಂದನ್ನೂ ಒಣಹಾಕಿದರು. ಮರುದಿನ ಬೆನ್ ರೇಷ್ಮೆ ಸೀರೆ ಹಿಡಿದು ಬಂದರು. "ಇದನ್ನ ಬಿಡಿಸಿ. ಕಾಲೇಜಿನವರು ನೋಡ್ತಾರೆ, ನನಗೆ ಅದೊಂದೇ ಸೀರೆ ಅಂದ್ಕೋಬಾರದು."

ಹಸುಗೂಸು

ಕಾಲೇಜಿನ ಕಂಪ್ಯೂಟರುಗಳಲ್ಲಿ ಬಣ್ಣ ಬರುತ್ತಿರಲಿಲ್ಲ. ಪರೀಕ್ಷೆಯ ದಿನ ನಮ್ಮ ಮಾನಿಟರನ್ನು ಮಗನ ಹಳೇ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೊರಟೆ. ಡ್ರೈವರ್ ಪ್ರತಿ ಹಳ್ಳಕ್ಕೂ ಆಟೋ ನಿಲ್ಲಿಸಿ, ಮೆಲ್ಲಗೆ ಇಳಿಸಿ, ಮೆಲ್ಲಗೆ ಹತ್ತಿಸಿದ. ಕಾಲೇಜಿನ ಮುಂದೆ ಕಂಬಳಿ ಸರಿಸಿದೆ. ಆತ ಗಾಜಿನ ಮುಖವನ್ನು ಒಂದು ಗಳಿಗೆ ನೋಡಿ ಕೇಳಿದ: "ಅಪ್ಪನ ಹೋಲಿಕೆಯಾ, ಬೆನ್?"

ಪರೀಕ್ಷೆ

ಹಿಂದಿನ ಸಂಜೆ ಮಗ ಆಟಕ್ಕೆ ಕೂತಿದ್ದ. ಎದುರಾಳಿಯ ದಾರಕ್ಕೆ ಸಿಕ್ಕಿ ತನ್ನ ಪಟ ಕತ್ತರಿಸಿಹೋದಾಗಲೆಲ್ಲ ನೆಲಕ್ಕೆ ಬಿದ್ದು ಅತ್ತ. "ಮಗು ಗೆಲ್ಲೋ ಹಾಗೆ ಮಾಡ್ರೋ, ಇಲ್ಲಾಂದ್ರೆ ನೀವೇ ಎತ್ಕೊಂಡು ತಿರುಗಿ" ಎಂದೆ. ಮಾಡಿದರು. ಯಾವ ಗುಂಡಿ ಒತ್ತಿದರೂ ಅವನಿಗೇ ಗೆಲುವು. ಆಮೇಲೆ ಅದನ್ನು ಸರಿಪಡಿಸುವುದನ್ನೇ ಮರೆತರು.

ಪರೀಕ್ಷೆ ಮಾಡಲು ಕೂತವರು ಕಾಲೇಜಿನ ಹಿರಿಯ ಮೇಷ್ಟ್ರು, ಹುಟ್ಟಾ ಅಹಮದಾಬಾದಿನವರು, ಗಾಳಿಪಟದ ಹುಚ್ಚಿನವರು. ಒಂದು ಆಟ ಗೆದ್ದರು. ಮತ್ತೊಂದು ಗೆದ್ದರು. ಪ್ರಶ್ನೆ ಕೇಳುವುದನ್ನು ಬಿಟ್ಟು ಪಕ್ಕದ ಕೋಣೆಯವರನ್ನೆಲ್ಲ ಕರೆದು, "ನೋಡ್ರಿ, ನನ್ನ ಕೈ ಇನ್ನೂ ಮರೆತಿಲ್ಲ!" ಎಂದು ಎದೆಯುಬ್ಬಿಸಿದರು. ಮೂವರೂ ಪಾಸು. ಬಾಗಿಲ ಹೊರಗೆ ನಿಂತಿದ್ದ ನಾನು ಮನಸ್ಸಿನಲ್ಲೇ ಮೈದುನನ ಹಾಸಿಗೆ ಸುತ್ತಿಟ್ಟೆ.

ಅಷ್ಟರಲ್ಲಿ ಅವನು ಓಡಿಬಂದ. "ಅತ್ತಿಗೆ, ಸರ್ ನನ್ನ ಬಿಡಲ್ವಂತೆ! ಇಲ್ಲೇ ಎಂ.ಇ. ಓದು, ಸೀಟಿನ ಚಿಂತೆ ನನಗಿರಲಿ ಅಂದ್ರು. ಇನ್ನೂ ಎರಡು ವರ್ಷ!"

"ಅವರನ್ನ ವಾಪಸ್ ಕೂರಿಸು" ಎಂದೆ. "ಇನ್ನೊಂದು ಆಟ ಆಡ್ಲಿ. ಈ ಸಲ ಸೋಲಿಸು."