ನಾನು ಸತ್ತ ಮೇಲಿನ ಅಡುಗೆಮನೆ

ನನ್ನ ಮೈ ಇದ್ದಲ್ಲಿ ಮನಸ್ಸು ಇರುವುದಿಲ್ಲ. ರೊಟ್ಟಿ ಬಡಿಯುವಾಗ ಶಾಲೆಯಲ್ಲಿರುತ್ತೇನೆ, ಶಾಲೆಯಲ್ಲಿ ಭಾಗಾಕಾರ ಹೇಳುವಾಗ ಹಂಚಿನ ಮೇಲೆ ರೊಟ್ಟಿ ಬಿಟ್ಟು ಬಂದೆನೇನೋ ಎಂದು ಮನೆಯಲ್ಲಿರುತ್ತೇನೆ. ಒಳಗೊಂದು ದನಿ ಬೆಳಗಾಗುವುದಕ್ಕೂ ಮೊದಲೇ ಶುರುವಾಗಿ, ನಾನು ನಿದ್ದೆ ಹೋದ ಮೇಲೂ ಸ್ವಲ್ಪ ಹೊತ್ತು ಮಾತಾಡುತ್ತಿರುತ್ತದೆ ಎಂದು ನನ್ನ ಅನುಮಾನ. ಮದುವೆಯಲ್ಲಿ ತಲೆಯ ಮೇಲೆ ಅಕ್ಷತೆ ಬೀಳುವಾಗ ನಾನು ಯೋಚಿಸುತ್ತಿದ್ದದ್ದು ಟ್ರಂಕಿನ ಕೀಲಿಯ ಬಗ್ಗೆ. ಅದು ಚಿಗವ್ವನ ಹತ್ತಿರ ಇದೆಯೋ, ಗೂಟಕ್ಕೇ ತೂಗುಹಾಕಿ ಬಂದೆನೋ? ಹಾಗಾಗಿ ತಾಳಿ ಕಟ್ಟಿದ ಗಳಿಗೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಫೋಟೋ ನೋಡಿ ಹೇಳಬೇಕಾಗುತ್ತದೆ. ಫೋಟೋದಲ್ಲೂ ನಾನು ಬೇರೆ ಕಡೆ ನೋಡುತ್ತಿದ್ದೇನೆ.

ಇಂಥವಳನ್ನೇ ಹುಡುಕಿ ನಮ್ಮ ಹೆಡ್ ಮಾಸ್ತರು ಮನಸ್ಸನ್ನು ಶಾಂತಗೊಳಿಸುವ ತರಬೇತಿಗೆ ಕಳಿಸಿದರು. ನಾನಿರುವುದು ಬಮ್ಮಿಗಟ್ಟಿ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ಮಕ್ಕಳಿಗೆ ದಿನಾಲೂ ಮುಂಜಾನೆ ಹತ್ತು ನಿಮಿಷ ಧ್ಯಾನ ಮಾಡಿಸಬೇಕು, ಅದಕ್ಕೆ ಒಬ್ಬರು ಕಲಘಟಗಿಗೆ ಹೋಗಿ ಕಲಿತು ಬರಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. "ನೀವ ಹೋಗ್ರಿ ಅಕ್ಕೋರ, ನೀವು ಹೆಂಗೂ ಕ್ಲಾಸಿನ್ಯಾಗ ಅರ್ಧಾ ಧ್ಯಾನದಾಗ ಇರ್ತೀರಿ" ಎಂದರು ಮಾಸ್ತರು. ಅವರು ಚೇಷ್ಟೆ ಮಾಡಿದರೋ ಹೊಗಳಿದರೋ ಎಂದು ಒಳಗಿನ ದನಿ ಎರಡು ದಿನ ವಿಚಾರ ಮಾಡಿತು.

ತರಬೇತಿ ಕೊಟ್ಟವನು ತೆಳ್ಳಗಿನ, ಬಿಳಿ ಜುಬ್ಬಾದ ಹುಡುಗ. ಮದುವೆಯಾಗಿರಲಿಲ್ಲ, ಆದ್ದರಿಂದ ಅವನ ಮುಖ ಶಾಂತವಾಗಿತ್ತು. ಎಲ್ಲರ ಅಂಗೈಗೂ ಒಂದೊಂದು ಶೇಂಗಾ ಕಾಳು ಕೊಟ್ಟು, ಅದನ್ನು ಐದು ನಿಮಿಷ ತಿನ್ನಬೇಕು ಎಂದ. ನನ್ನ ಬಾಜು ಕೂತಿದ್ದ ಗಣಿತದ ಮಾಸ್ತರು ಅವನ ಮಾತು ಮುಗಿಯುವುದರೊಳಗೆ ನುಂಗಿಬಿಟ್ಟು, ಇನ್ನೊಂದು ಕೊಡ್ರಿ ಎಂದು ಕೈ ಚಾಚಿದ್ದರು. ಆಮೇಲೆ ಆ ಹುಡುಗ ಹೇಳಿದ: "ವಿಚಾರ ಅಂದ್ರ ರಸ್ತಾದಾಗ ಹೋಗೂ ಬಸ್ ಇದ್ದಂಗ್ರಿ. ಬರ್ತಾವ, ಹೋಗ್ತಾವ. ನೀವು ಸುಮ್ಮನ ನಿಂತು ನೋಡ್ರಿ, ಹತ್ತಬ್ಯಾಡ್ರಿ."

ನನಗೆ ತಡೆಯಲಾಗಲಿಲ್ಲ. "ನಮ್ಮೂರಿಗೆ ದಿನಕ್ಕ ನಾಕ ಬಸ್ ಬರೂದ್ರಿ ಸರ್. ಬಂದ ಬಸ್ ಬಿಟ್ರ ಜೀವನಾ ಹೆಂಗ?" ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು, ಮತ್ತೆ ಕಣ್ಣು ಮುಚ್ಚಲು ಹೇಳಿದ.

ಇದಾಗಿ ಮೂರು ವಾರಕ್ಕೆ, ಜಳಕ ಮಾಡುವಾಗ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಒಂದು ಗಂಟು ಕೈಗೆ ಹತ್ತಿತು. ಆಡಿಸಿದರೆ ಆಡಲಿಲ್ಲ, ಒತ್ತಿದರೆ ನೋಯಲಿಲ್ಲ. ನೋವಿಲ್ಲದಿದ್ದರೆ ಒಳ್ಳೆಯದು ಎಂದುಕೊಂಡೆ. ನೋವಿಲ್ಲದಿರುವುದೇ ಒಳ್ಳೆಯದಲ್ಲ ಎಂದು ಆಮೇಲೆ ಗೊತ್ತಾಯಿತು. ಹುಬ್ಬಳ್ಳಿಯ ಡಾಕ್ಟರು ಸೂಜಿ ಹಾಕಿ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸಿದರು. "ಎಂಟು ದಿನಕ್ಕ ರಿಪೋರ್ಟ್ ಬರ್ತೇತಿ. ಅಲ್ಲೀ ಮಟಾ ಏನೂ ವಿಚಾರ ಮಾಡಬ್ಯಾಡ್ರಿ" ಎಂದರು. ಇಂಥ ಮಾತನ್ನು ಡಾಕ್ಟರುಗಳು ಯಾರಿಗೆ ಹೇಳುತ್ತಾರೋ ನನಗೆ ತಿಳಿಯದು. ಬಹುಶಃ ಗೋಡೆಗೆ.

ಆ ಎಂಟು ದಿನದಲ್ಲಿ ನಾನು ಒಂದು ದಿನವೂ ಶಾಲೆಗೆ ರಜೆ ಹಾಕಲಿಲ್ಲ. ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಐದನೆಯ ಇಯತ್ತೆಯ ಮಕ್ಕಳನ್ನು ಕಣ್ಣು ಮುಚ್ಚಿಸಿ ಕೂಡಿಸಿ, "ಉಸಿರು ಒಳಗ ಬರೂದನ್ನ ನೋಡ್ರಿ, ಹೊರಗ ಹೋಗೂದನ್ನ ನೋಡ್ರಿ, ಈಗಿನ ಕ್ಷಣದಾಗ ಇರ್ರಿ" ಎಂದು ದನಿ ಇಳಿಸಿ ಹೇಳುತ್ತಿದ್ದೆ. ಮಕ್ಕಳು ಈಗಿನ ಕ್ಷಣದಲ್ಲೇ ಇದ್ದರು. ಹಿಂದಿನ ಸಾಲಿನಲ್ಲಿ ಇಬ್ಬರಿಗೆ ನಿದ್ದೆ ಹತ್ತಿರುತ್ತಿತ್ತು, ಅದಕ್ಕಿಂತ ದೊಡ್ಡ ಶಾಂತಿ ಯಾವುದು? ಆ ಕ್ಷಣದಲ್ಲಿ ಇಲ್ಲದವಳು ನಾನೊಬ್ಬಳೇ. ನಾನು ಆಗಲೇ ಸತ್ತಿದ್ದೆ.

ಸೋಮವಾರ ಸತ್ತೆ. ಮಂಗಳವಾರದ ಧ್ಯಾನದಲ್ಲಿ ಮಣ್ಣಿಗೆ ಯಾರ್‍ಯಾರು ಬಂದರು, ಯಾರು ಬರಲಿಲ್ಲ ಎಂದು ಪಟ್ಟಿ ಮಾಡಿದೆ. ಬರದವರ ಮೇಲೆ ದಿನವಿಡೀ ಸಿಟ್ಟಿನಲ್ಲಿದ್ದೆ, ಅವರಲ್ಲೊಬ್ಬಳಾದ ಅಡುಗೆಯ ಗಿರಿಜವ್ವ ಮಧ್ಯಾಹ್ನ ಅನ್ನ ಬಡಿಸಲು ಬಂದರೆ ಮುಖ ತಿರುಗಿಸಿದೆ. ಬುಧವಾರ ನಮ್ಮ ಮನೆಯವರಿಗೆ ಎರಡನೆಯ ಮದುವೆಯಾಯಿತು. ಹುಡುಗಿಯನ್ನು ಆರಿಸಿದವಳೂ ನಾನೇ. ಅತ್ತೆಯ ತಮ್ಮನ ಮಗಳು, ತಂಬೂರ ಎಂಬ ಊರಿನ ಶೈಲಾ. ನಲವತ್ತರ ಹತ್ತಿರ ಬಂದರೂ ಮದುವೆಯಾಗಿರಲಿಲ್ಲ. ಅಪ್ಪನಿಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗಿನಿಂದ ಅವನನ್ನು ನೋಡಿಕೊಂಡು, ಅವನು ತೀರಿದ ಮೇಲೂ ಅಲ್ಲೇ ಬ್ಲೌಸು ಹೊಲಿದುಕೊಂಡು ಇದ್ದವಳು. ಗುರುವಾರದ ಹೊತ್ತಿಗೆ ಅವಳು ನನ್ನ ಅಡುಗೆಮನೆಯಲ್ಲಿ ಬೆಳೆದು ನಿಂತಿದ್ದಳು. ನನ್ನ ಡಬ್ಬಿಗಳ ಸಾಲು ಬದಲಾಯಿಸಿದ್ದಳು, ಒಂದು ಮಗ್ಗಲು ಸವೆದ ನನ್ನ ಲಟ್ಟಣಿಗೆಯನ್ನು ಅಟ್ಟಕ್ಕೆ ಹಾಕಿದ್ದಳು. ಗೊಬ್ಬರದ ಅಂಗಡಿ ಮುಚ್ಚಿ ಬಂದ ನಮ್ಮ ಮನೆಯವರು ಅವಳ ಕೈಯ ಝುಣಕಾ ತಿಂದು, "ಅಗದಿ ಮಸ್ತ ಆಗೇತಿ" ಎಂದರು. ನನಗೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಹೇಳಿದವರಲ್ಲ. ಧಾರವಾಡದಲ್ಲಿ ಕಾಲೇಜಿಗೆ ಹೋಗುವ ಮಗಳು ರಜೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಅಲ್ಲಿಗೆ ಬಂದಾಗ ಮಾತ್ರ ಕಥೆ ಮುಂದೆ ಹೋಗಲಿಲ್ಲ. "ಅಕ್ಕೋರ, ಹತ್ತು ಮಿನಿಟ್ ಆಗಿ ಭಾಳ ಹೊತ್ತಾತ್ರಿ" ಎಂದು ಮುಂದಿನ ಸಾಲಿನ ಹುಡುಗಿ ಕರೆದಳು. ಕಣ್ಣು ತೆರೆದೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ಧ್ಯಾನ ಅಂದ್ರ ಹಿಂಗ ಕಣ್ಣಾಗ ನೀರು ಬರಬೇಕು" ಎಂದೆ.

ಅವತ್ತು ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಶೈಲಾ ಕೂತಿದ್ದಾಳೆ. ನಿಜವಾದ ಶೈಲಾ. ಅತ್ತೆ ಫೋನು ಮಾಡಿ ನನ್ನ ಸುದ್ದಿ ಹೇಳಿದ್ದರಂತೆ. ತೊಡೆಯ ಮೇಲೆ ಹೊಸ ಭತ್ತದ ಅವಲಕ್ಕಿಯ ಚೀಲ. ನನ್ನನ್ನು ನೋಡಿ ಎದ್ದು ನಿಂತು, "ಅಕ್ಕಾ, ನಾ ನಾಕ ದಿನಾ ಇಲ್ಲೇ ಇರತೇನಿ. ಹುಬ್ಬಳ್ಳಿಗೂ ಜೋಡಿ ಬರತೇನಿ. ನೀವು ಅಡಗಿ ಮನಿ ಚಿಂತಿ ಬಿಡ್ರಿ" ಎಂದಳು.

ಬಾಕಿ ಏನಾದರೂ ಅಂದಿದ್ದರೆ ನಡೆಯುತ್ತಿತ್ತು. ಅಡುಗೆಮನೆ ಎಂದುಬಿಟ್ಟಳು.

"ಯಾಕವಾ, ನಾ ಇನ್ನೂ ಸತ್ತಿಲ್ಲಲಾ? ಇಷ್ಟ ಗಡಿಬಿಡಿ ಯಾಕ?" ಎಂದೆ. ಅತ್ತೆಯ ಕೈಯಲ್ಲಿದ್ದ ಹೂಬತ್ತಿ ಕೆಳಗೆ ಬಿತ್ತು. ಶೈಲಾ ಅವಲಕ್ಕಿ ಚೀಲವನ್ನು ಬಾಗಿಲ ಒಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು, ಬಂದ ದಾರಿಯಲ್ಲೇ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಒಂದು ಕಪ್ಪು ಚಹಾ ಕೊಡದೆ ನಮ್ಮ ಮನೆಯಿಂದ ಮಂದಿಯನ್ನು ಕಳಿಸಿದ್ದು ಅದೇ ಮೊದಲು. ಕರೆಯಬೇಕೆಂದು ಬಾಯಿ ತೆರೆದೆ. ಆದರೆ ಕರೆದು ಏನು ಹೇಳುವುದು? ನೀನು ನನ್ನ ಗಂಡನಿಗೆ ಮಾಡಿ ಹಾಕಿದ ಝುಣಕಾ ಚಲೋ ಆಗಿತ್ತಂತೆ, ಅದಕ್ಕೆ ಹಾಗೆ ಅಂದೆ ಎನ್ನುವುದೇ?

ಸೋಮವಾರ ನಾನು, ನಮ್ಮ ಮನೆಯವರು ಇಬ್ಬರೇ ಹುಬ್ಬಳ್ಳಿಗೆ ಹೋದೆವು. ನನ್ನ ಹೆಸರು ಕೂಗಿದಾಗ ಅವರು ಏಳಲಿಲ್ಲ. "ನೀ ಹೋಗು, ನಾ ಇಲ್ಲೇ ಇರತೇನಿ" ಎಂದರು. ಡಾಕ್ಟರು ಕಾಗದ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೌದು, ಅದೇ ಎಂದರು. ಆಪರೇಷನ್ ಮಾಡಬೇಕು, ಆಮೇಲೆ ಔಷಧ ಏರಿಸಬೇಕು, ಲಗೂ ಬಂದೀರಿ, ಅದೊಂದು ಚಲೋ ಆತು ಎಂದರು.

ಆಗ ಒಳಗಿನ ದನಿ ನಿಂತುಹೋಯಿತು. ಒಂದು ಶಬ್ದವಿಲ್ಲ. ಮಣ್ಣಿಲ್ಲ, ಮದುವೆಯಿಲ್ಲ, ಝುಣಕಾ ಇಲ್ಲ. ಮೇಜಿನ ಮೇಲೆ ಹಿಂಬದಿ ಕಚ್ಚಿದ ಒಂದು ಪೆನ್ಸಿಲ್ ಇತ್ತು. ಡಾಕ್ಟರ ಮೂಗಿನ ಎರಡೂ ಕಡೆ ಕನ್ನಡಕದ ಕೆಂಪು ಗುರುತು ಇದ್ದವು. ಹೊರಗೆ ಯಾರೋ ನೆಲ ಒರೆಸುವ ವಾಸನೆ. ಎಲ್ಲವೂ ಎಷ್ಟು ಸ್ಪಷ್ಟವಾಗಿ ಕಂಡವೆಂದರೆ ಇವತ್ತಿಗೂ ಆ ಪೆನ್ಸಿಲ್ಲಿನ ಚಿತ್ರ ಬರೆಯಬಲ್ಲೆ. ಬಿಳಿ ಜುಬ್ಬಾದ ಹುಡುಗ ಹೇಳಿದ್ದು ಇದನ್ನೇ ಆಗಿದ್ದರೆ, ಇದು ಮಂದಿ ಕೇಳಿಕೊಂಡು ಹೋಗುವಂಥ ಜಾಗವಲ್ಲ. ಹೊರಗೆ ಬಂದರೆ ನಮ್ಮ ಮನೆಯವರು ಬೆಂಚಿನಲ್ಲಿರಲಿಲ್ಲ. ಜಿನೆಯ ಮೆಟ್ಟಿಲ ಕೆಳಗೆ ಗೋಡೆಯ ಕಡೆ ಮುಖ ಮಾಡಿ ನಿಂತು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಅವರ ಅಂಗಿಯ ಹೊಲಿಗೆ ಹೆಗಲ ಹತ್ತಿರ ಬಿಚ್ಚಿದ್ದು ಕಂಡಿತು. ಅದನ್ನು ಬೆರಳಲ್ಲಿ ಮುಚ್ಚಿ ಹಿಡಿದು ಸುಮ್ಮನೆ ಬಾಜು ನಿಂತೆ.

ಊರಿಗೆ ಬರುವ ದಾರಿಯಲ್ಲಿ ನಾನೇ ಶೈಲಾಗೆ ಫೋನು ಮಾಡಿದೆ. "ಬಾರವಾ" ಎಂದೆ. ತಪ್ಪಾಯಿತು ಎನ್ನುವುದಕ್ಕೆ ಬಾಯಿ ಬರಲಿಲ್ಲ. ಅವಳು, "ಮುಂಜಾನಿ ಬಸ್ಸಿಗೆ ಬರತೇನಕ್ಕಾ" ಎಂದಳು. ಅಷ್ಟೇ.

ಆಪರೇಷನ್ ಆಯಿತು. ಎದೆಯ ಒಂದು ಕಡೆ ಬಯಲಾಯಿತು. ಔಷಧ ಏರಿಸಲು ಶುರು ಮಾಡಿದ ಮೇಲೆ ತಲೆಯೂ ಬಯಲಾಯಿತು. ಇನ್ನೂ ನಾಲ್ಕು ಸಲ ಉಳಿದಿದೆ. ಆಮೇಲೆ ಏನು ಎಂದು ಕೇಳಿದರೆ ಡಾಕ್ಟರು ನೋಡೂಣು ಎನ್ನುತ್ತಾರೆ. ಶೈಲಾ ಬಂದವಳು ಹೋಗಿಲ್ಲ. ಹೊಲಿಗೆ ಮಶೀನನ್ನೂ ಟೆಂಪೋದಲ್ಲಿ ತರಿಸಿಕೊಂಡಿದ್ದಾಳೆ. ನಾನು ವಾಂತಿ ಮಾಡಿದರೆ ಹಿಡಿಯುತ್ತಾಳೆ, ಹಣೆ ಒರೆಸುತ್ತಾಳೆ, ಬಾಯಿಗೆ ರುಚಿ ಇಲ್ಲವೆಂದರೆ ಗಂಜಿಗೆ ಒಂದು ಹನಿ ಲಿಂಬೆ ಹಿಂಡುತ್ತಾಳೆ. ಪಾಪದ ಭಾರ ನನಗೆ ಔಷಧಕ್ಕಿಂತ ಹೆಚ್ಚು ಸುಸ್ತು ಮಾಡುತ್ತಿತ್ತು.

ಮೊನ್ನೆ ಮಧ್ಯಾಹ್ನ ಅವಳು ಗುಂಡಿ ಹಚ್ಚುತ್ತ ನನ್ನ ಕಾಲ ಹತ್ತಿರ ಕೂತಿದ್ದಾಗ ಹೇಳಿಯೇಬಿಟ್ಟೆ. ಐದನೆಯ ಇಯತ್ತೆಯ ಧ್ಯಾನದಲ್ಲಿ ಅವಳ ಮದುವೆ ಮಾಡಿದ್ದು, ಡಬ್ಬಿ, ಲಟ್ಟಣಿಗೆ, ಎಲ್ಲ. ಅವಳು ಸಿಟ್ಟಾಗಬಹುದು, ಅಳಬಹುದು ಎಂದು ಕಾದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ನಗತೊಡಗಿದಳು. ನಕ್ಕೂ ನಕ್ಕೂ ಕೆಮ್ಮು ಬಂತು.

"ಅಯ್ಯ ಶಿವನ! ಮಾಮಾನ್ನ? ನಿಮಗಿಂತ ಮದಲ ನನಗ ಕೇಳಿದ್ರಕ್ಕಾ. ನಾನ ಒಲ್ಲೆ ಅಂದಿದ್ದೆ."

ಇಪ್ಪತ್ತೆರಡು ವರ್ಷದಲ್ಲಿ ಈ ಸಂಗತಿಯನ್ನು ನನಗೆ ಯಾರೂ ಹೇಳಿರಲಿಲ್ಲ. "ಯಾಕ ಒಲ್ಲೆ ಅಂದಿ?" ಎಂದೆ.

"ಮಾತು ಅಂದ್ರ ಗೊಬ್ಬರದ್ದ. ನಕ್ಕರ ಯಾರರ ಏನರ ಅಂದಾರು ಅನ್ನೂವಂಗ ನಗತಾನ. ಮ್ಯಾಲ ಆ ಗೊರಕಿ! ಬ್ಯಾಡ ತಗೀರಿ."

ನಾನು ದಿಂಬಿನಿಂದ ಎದ್ದು ಕೂತೆ. "ಗೊರಕಿ ಯಾರ ಹೊಡಿಯೂದಿಲ್ಲ? ಮಾತು ಕಮ್ಮಿ ಖರೆ, ಆದರ ಇಷ್ಟ ವರ್ಷದಾಗ ಒಂದ ಸಲ ಕೈ ಎತ್ತಿಲ್ಲ. ಆಸ್ಪತ್ರಿಯಾಗ ನನ್ನ ಸಲುವಾಗಿ ಅತ್ತಾರ. ಮಗಳಿಗೆ ಜಡಿ ಹಾಕಾಕ ಬರ್ತೇತಿ ಅವರಿಗೆ, ಗೊತ್ತೇನ?" ಎಂದೆ. ಅವಳು ತಲೆಯಾಡಿಸುತ್ತ ಮತ್ತೆ ಸೂಜಿ ಹಿಡಿದಳು. ನಾನು ಬಿಡಲಿಲ್ಲ. ಅಂಗಡಿಯಲ್ಲಿ ಅವರು ಸುಳ್ಳು ತೂಕ ಮಾಡದಿರುವುದು, ಅತ್ತೆಯ ಕಾಲು ಒತ್ತುವುದು, ಒಂದೊಂದಾಗಿ ಹೇಳುತ್ತ ಹೋದೆ. "ನೀವು ಏನ ಅನ್ರಿ, ನನಗ ಬ್ಯಾಡ" ಎಂದಳು ಅವಳು, ದಾರ ಕಚ್ಚುತ್ತ. ಇಂಥ ಗಂಡನನ್ನು ಎರಡೆರಡು ಸಲ ಒಲ್ಲೆ ಎಂದಳಲ್ಲ ಎಂಬ ಸಂಕಟದಲ್ಲಿ ನಾನು ಎರಡು ಗಂಟೆಯ ಮಾತ್ರೆ ನುಂಗುವುದನ್ನೂ ಮರೆತುಬಿಟ್ಟೆ.