ಪಾಲಿಗೆ ಬಂದ ತವಾ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಪೆನ್ನಿನ ಶಾಯಿ ಮುಗಿಯಿತು, ಕನ್ನಡಕ ಕಾಣೆಯಾಯಿತು, ಇಲ್ಲವೇ ಚಹಾ ಬಂತು. ನೆಪ ಹುಡುಕುವುದರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ನನಗೆ ಎಂಎ ಓದಿದವರೂ ಸರಿಸಾಟಿಯಲ್ಲ. ಇವತ್ತು ಹೇಳಿಯೇಬಿಡುತ್ತೇನೆ. ವಸ್ತು ನಮ್ಮದಾದರೆ ಅದರ ಗುಣವೂ ನಮ್ಮದಾಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಬಸವಕಲ್ಯಾಣದಲ್ಲಿ ಅಣ್ಣನಿಗೂ ನನಗೂ ಪಾಲಾದ ದಿನ ಹೊಲ, ಎತ್ತು, ಕೊಡಪಾನ ಎಲ್ಲ ಜಗಳವಿಲ್ಲದೆ ಮುಗಿದವು. ಹಿರಿಯರು ಊಟಕ್ಕೆ ಏಳುವಷ್ಟರಲ್ಲಿ ನಾನು, "ಅಡಿಗಿಮನ್ಯಾಗಿನ ತವಾ ನನಗ ಬೇಕು" ಎಂದೆ. ಆ ಕಬ್ಬಿಣದ ತವಾದ ಮೇಲೆ ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ, ಬೇಯಿಸುವ ಜೋಳದ ರೊಟ್ಟಿ ಪೂರಿಯಂತೆ ಉಬ್ಬುತ್ತಿತ್ತು. ಗುಟ್ಟೆಲ್ಲ ಕಬ್ಬಿಣದಲ್ಲಿದೆ ಎಂಬುದು ನನ್ನ ಸಂಶೋಧನೆ. ವೈನಿ ಏನೋ ಹೇಳಲು ಬಾಯಿ ತೆರೆದರು. "ಅದು ಮನಿ ಸಾಮಾನು ವೈನಿ, ನಿಮ್ದಲ್ಲ" ಎಂದು ಅಷ್ಟು ಜನರ ಮುಂದೆ ಅಂದುಬಿಟ್ಟೆ. ಅವರು ಒಲೆಯಿಂದ ತವಾ ಇಳಿಸಿ, ಹಳೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ತಗೊಂಡ್ ಹೋಗು ತಮ್ಮಾ. ಇನ್ನಾ ಬಿಸಿ ಐತಿ, ಕೈ ಜೋಪಾನ."

ಹುಮನಾಬಾದಿನ ನನ್ನ ಬಾಡಿಗೆ ಮನೆಯಲ್ಲಿ ಅದೇ ತವಾದ ಮೇಲೆ ರೊಟ್ಟಿ ಹಪ್ಪಳವಾಯಿತು. ಹಿಟ್ಟನ್ನು ಬೈದೆ. ರಾಜೇಶ್ವರದಿಂದ ಜೋಳ ತರಿಸಿದೆ. ಒಲೆಯನ್ನೂ ಬದಲಿಸಿದೆ. ಕೊನೆಗೆ ಹೆಂಡತಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟು ಕೇಳಿದಳು: "ತವಾ ನಿಮ್ ಪಾಲಿಗಿ ಬಂತು, ಖರೆ. ಅಕ್ಕನ ಕೈ ಯಾರ ಪಾಲಿಗಿ ಬಂತ್ರಿ?"

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಒಂದು ಸಲ ಅಣ್ಣ ಮಾತಿಗೆ ಮಾತು ಬಂದು, "ಆ ತವಾ ನಮ್ಮನಿದಲ್ಲೋ. ಮದಿವ್ಯಾಗ ಆಕಿ ಅವ್ವ ದುಬಲಗುಂಡಿಯಿಂದ ಕೊಟ್ಟು ಕಳಿಸಿದ್ಳು" ಎಂದ. ಮರುದಿನವೇ ತವಾ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

"ಚೀಲದಾಗ ಏನೈತಿ ತಮ್ಮಾ?" ಎಂದರು ವೈನಿ.

"ಔಷಧ, ವೈನಿ."

"ಇಷ್ಟ್ ವಜನ ಔಷಧ ಯಾವ ಡಾಕ್ಟರ್ ಕೊಟ್ಟಾನೋ?" ಎಂದು ನಕ್ಕು, ಅಗ್ಗದ ತಗಡಿನ ತವಾದ ಮೇಲೆ ರೊಟ್ಟಿ ಉಬ್ಬಿಸಿದರು. ನಾಲ್ಕು ತಿಂದೆ. ತಪ್ಪಾಯಿತು ಎನ್ನಲು ಬಾಯಿ ಖಾಲಿಯಾಗಲೇ ಇಲ್ಲ. ಚೀಲದೊಂದಿಗೇ ಮರಳಿ ಬಂದೆ.

ಆಮೇಲೂ ಎಷ್ಟೋ ಸಲ ಹೋಗಿದ್ದೇನೆ, ಉಂಡಿದ್ದೇನೆ, ಬರಿಗೈ ಬೀಸಿಕೊಂಡು ಬಂದಿದ್ದೇನೆ; ತವಾ ಮಾತ್ರ ಇನ್ನೂ ನಮ್ಮ ಮನೆಯಲ್ಲೇ ಇದೆ. ಈಗ ಬರೆಯುತ್ತಿರುವುದೂ ವೈನಿಗೆ ಓದಲು ಬಾರದು ಎಂಬ ಧೈರ್ಯದ ಮೇಲೆಯೇ. ನನ್ನ ಪಶ್ಚಾತ್ತಾಪದ ಯೋಗ್ಯತೆ ಇಷ್ಟು. ಆದರೂ ಯಾರಾದರೂ ಅವರ ಎದುರು ಕೂತು ಇದನ್ನು ಓದಿ ಹೇಳುವುದಾದರೆ, ಮನೆ ಹುಡುಕಲು ಹೆಸರು ಬೇಕಾಗುತ್ತದೆ. ಕಾಶಮ್ಮ.